ಸೌರಫಲಕಕ್ಕೆ ಮೊದಲು ಸೂರಿನ ಲೆಕ್ಕ

ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಪರಿಸರದ ಕಾರ್ಖಾನೆಗಳ ಛಾವಣಿಗಳ ಮೇಲೆ ಸೌರಫಲಕಗಳು ಇಂದು ಸಾಮಾನ್ಯ ದೃಶ್ಯವಾಗಿವೆ. ತಿಂಗಳಿಗೆ ಎಷ್ಟು ಯೂನಿಟ್ ಉತ್ಪಾದನೆ, ಬಿಲ್ಲಿನಲ್ಲಿ ಎಷ್ಟು ಉಳಿತಾಯ, ಹೂಡಿದ ಹಣ ಎಷ್ಟು ವರ್ಷಗಳಲ್ಲಿ ಮರಳುತ್ತದೆ ಎಂಬುದನ್ನೆಲ್ಲ ಸರಬರಾಜುದಾರರೇ ಅಚ್ಚುಕಟ್ಟಾದ ಪಟ್ಟಿ ಮಾಡಿ ತಂದುಕೊಡುತ್ತಾರೆ. ಆದರೆ ಆ ಪಟ್ಟಿಯಲ್ಲಿ ಒಂದು ಬಾಬ್ತು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಅದು ಫಲಕಗಳನ್ನು 25 ವರ್ಷ ಹೊರಬೇಕಾದ ಛಾವಣಿಯ ಬಾಬ್ತು. ಮೊದಲ ದೊಡ್ಡ ಮಳೆಯಲ್ಲಿ ಯಂತ್ರದ ಮೇಲೋ, ಗ್ರಾಹಕರಿಂದ ಜಾಬ್‌ವರ್ಕಿಗೆ ಬಂದ ಮಾಲಿನ ಮೇಲೋ ನೀರು ತೊಟ್ಟಿಕ್ಕಿದಾಗಲಷ್ಟೇ ಅದು ಉದ್ಯಮಿಯ ಗಮನಕ್ಕೆ ಬರುತ್ತದೆ. ಸೌರವಿದ್ಯುತ್ತು ಲಾಭದಾಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಛಾವಣಿಯ ಸ್ಥಿತಿಯನ್ನು ಗಣನೆಗೆ ತೆಗೆದುಕೊಳ್ಳದೆ ಹಾಕಿದ ಲಾಭದ ಲೆಕ್ಕ ಅಪೂರ್ಣ.

ಹಳೆಯ ಛಾವಣಿ, ಹೊಸ ಹೊರೆ

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳು ಒಂದೇ ಕಾಲದಲ್ಲಿ ಬೆಳೆದವುಗಳಲ್ಲ. ಪೀಣ್ಯ ಕೈಗಾರಿಕಾ ವಸಾಹತು 1970ರ ದಶಕದಿಂದ ಬೆಳೆಯುತ್ತ ಬಂದಿತು. ಅದೇ ದಶಕದ ಕೊನೆಯಲ್ಲಿ, ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ವೈಟ್‌ಫೀಲ್ಡಿನ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕು 1990ರ ದಶಕದ್ದು. ಆದ್ದರಿಂದ ಈ ಪ್ರದೇಶಗಳಲ್ಲಿ ಕಬ್ಬಿಣದ ಟ್ರಸ್ಸಿನ ಮೇಲೆ ಕಲ್ನಾರು ಶೀಟು ಹೊದಿಸಿದ ಹಳೆಯ ಶೆಡ್ಡುಗಳು, ಬಣ್ಣದ ಲೋಹದ ಶೀಟಿನ ಹೊಸ ಶೆಡ್ಡುಗಳು ಮತ್ತು ಆರ್‌ಸಿಸಿ ತಾರಸಿಯ ಕಟ್ಟಡಗಳು ಅಕ್ಕಪಕ್ಕದಲ್ಲಿಯೇ ಕಂಡುಬರುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಕಟ್ಟುವಾಗ ಮೇಲೆ ಸೌರಸ್ಥಾವರ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಛಾವಣಿಯ ಸೌರವಿದ್ಯುತ್ತಿಗೆ ಕರ್ನಾಟಕದಲ್ಲಿ ದೊಡ್ಡ ಚಾಲನೆ ದೊರೆತದ್ದು 2013ರ ಅಕ್ಟೋಬರಿನಲ್ಲಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಆಗ ಸಹಾಯಧನ ಪಡೆಯದ ಸ್ಥಾವರಗಳಿಗೆ ಯೂನಿಟ್ಟಿಗೆ ರೂ. 9.56ರ ಆಕರ್ಷಕ ದರವನ್ನು ನಿಗದಿಪಡಿಸಿತು. ಬೆಸ್ಕಾಂ 2014ರಲ್ಲಿ ಯೋಜನೆಯನ್ನು ಜಾರಿಗೆ ತಂದಿತು. ಆ ಮೊದಲ ಅಲೆಯಲ್ಲಿ ಅಳವಡಿಸಿದ ಸ್ಥಾವರಗಳು ಈಗ ಹತ್ತು ವರ್ಷ ದಾಟಿವೆ. ಫಲಕದ ಆಯುಸ್ಸು ಸಾಮಾನ್ಯವಾಗಿ 25 ವರ್ಷ. ಆದರೆ ರಂಧ್ರ ಮುಚ್ಚಲು ಬಳಸಿದ ಸೀಲಂಟು, ಬೋಲ್ಟಿನ ಕೆಳಗಿನ ರಬ್ಬರ್ ವಾಷರು, ತಾರಸಿಯ ಜಲನಿರೋಧಕ ಪದರ ಇವುಗಳ ಆಯುಸ್ಸು ಅಷ್ಟಿಲ್ಲ. ಮೇಲಿನ ಆಸ್ತಿಗೂ ಕೆಳಗಿನ ಆಸ್ತಿಗೂ ಇರುವ ಈ ಆಯುಸ್ಸಿನ ಅಂತರವೇ ಸೋರಿಕೆಯ ಮೂಲ.

ಮಳೆ ಮತ್ತು ಗಾಳಿ

ಬೆಂಗಳೂರಿನ ವಾಡಿಕೆಯ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಆದರೆ 2022ರಲ್ಲಿ 1,700 ಮಿ.ಮೀ.ಗೂ ಹೆಚ್ಚು ಮಳೆ ಸುರಿದು 2017ರ ದಾಖಲೆಯನ್ನು ಮುರಿಯಿತು. ಆ ವರ್ಷದ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಹದೇವಪುರ, ಹೊರವರ್ತುಲ ರಸ್ತೆಯ ಪ್ರದೇಶಗಳು ಜಲಾವೃತವಾದದ್ದು ಎಲ್ಲರ ನೆನಪಿನಲ್ಲಿದೆ. ನಮ್ಮಲ್ಲಿ ಮಳೆಗೆ ಎರಡು ಮುಖ. ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗಳು ಬಿರುಗಾಳಿ, ಆಲಿಕಲ್ಲುಗಳೊಡನೆ ಬರುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಸಂಜೆ ರಾತ್ರಿಗಳಲ್ಲಿ ಧಾರಾಕಾರವಾಗಿ ಸುರಿಯುತ್ತವೆ. ಮೊದಲನೆಯದು ಫಲಕದ ಹಿಡಿತವನ್ನು ಪರೀಕ್ಷಿಸಿದರೆ ಎರಡನೆಯದು ಛಾವಣಿಯ ಜಲನಿರೋಧಕತೆಯನ್ನು ಪರೀಕ್ಷಿಸುತ್ತದೆ.

ಫಲಕದ ಭಾರದಿಂದ ಛಾವಣಿ ಕುಸಿಯುತ್ತದೆಂಬ ಭಯ ಅನೇಕರಲ್ಲಿದೆ. ವಾಸ್ತವವಾಗಿ ಫಲಕ ಮತ್ತು ಚೌಕಟ್ಟುಗಳ ಭಾರ ಚದರ ಮೀಟರಿಗೆ ಸುಮಾರು 15 ಕಿ.ಗ್ರಾಂ. ಮಾತ್ರ. ಟ್ರಸ್ಸು ತುಕ್ಕು ಹಿಡಿಯದೆ ಸುಸ್ಥಿತಿಯಲ್ಲಿದ್ದರೆ ಇದು ಸಾಮಾನ್ಯವಾಗಿ ಮಿತಿಮೀರಿದ ಹೊರೆಯಲ್ಲ. ಹೆಚ್ಚು ಗಮನಿಸಬೇಕಾದದ್ದು ಗಾಳಿಯ ಎತ್ತುವ ಬಲ. ಭಾರತೀಯ ಮಾನಕ 875ರ ಮೂರನೇ ಭಾಗದ ಪ್ರಕಾರ ಬೆಂಗಳೂರಿಗೆ ವಿನ್ಯಾಸದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಆ ವೇಗದ ಗಾಳಿ ಚದರ ಮೀಟರಿಗೆ ಸ್ಥೂಲವಾಗಿ 66 ಕಿ.ಗ್ರಾಂ.ನಷ್ಟು ಒತ್ತಡವನ್ನು ಉಂಟುಮಾಡಬಲ್ಲದು. ಎರಡೂವರೆ ಚದರ ಮೀಟರಿನ ಒಂದು ಫಲಕಕ್ಕೆ ಇದು 165 ಕಿ.ಗ್ರಾಂ. ಆಯಿತು. ಫಲಕದ ಸ್ವಂತ ತೂಕವಾದರೋ 30 ಕಿ.ಗ್ರಾಂ. ಒಳಗೆ. ಕಟ್ಟಡದ ಎತ್ತರ, ಫಲಕದ ಓರೆ, ಅಂಚಿನಿಂದ ಇರುವ ದೂರ ಇವುಗಳನ್ನು ಅವಲಂಬಿಸಿ ನಿಜವಾದ ಬಲ ವ್ಯತ್ಯಾಸವಾಗುತ್ತದೆ. ಗಾಳಿಗೆ ಫಲಕ ಪ್ರತಿ ಬಾರಿ ಅಲುಗಿದಾಗಲೂ ಬೋಲ್ಟಿನ ಸುತ್ತಲಿನ ರಂಧ್ರ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಾರಿಹೋಗದ ಫಲಕವೂ ಛಾವಣಿಯನ್ನು ಸೋರಿಸಬಲ್ಲದು ಎಂಬುದಕ್ಕೆ ಇದೇ ಕಾರಣ.

ಮೂರು ಬಗೆಯ ಛಾವಣಿ, ಮೂರು ಬಗೆಯ ಎಚ್ಚರಿಕೆ

ಕಲ್ನಾರು ಶೀಟು: ಹಳೆಯ ಕಲ್ನಾರು ಶೀಟು ಬಿಸಿಲು ಮಳೆಗಳಿಂದ ಪೆಡಸಾಗಿರುತ್ತದೆ. ಅದರ ಮೇಲೆ ಕಾಲಿಟ್ಟ ಕಾರ್ಮಿಕ ಶೀಟು ಒಡೆದು ಕೆಳಗೆ ಬೀಳುವ ಅಪಾಯವಿದೆ. ರಂಧ್ರ ಕೊರೆಯುವಾಗ ಸೂಕ್ಷ್ಮ ಬಿರುಕುಗಳು ಮೂಡುತ್ತವೆ, ಆರೋಗ್ಯಕ್ಕೆ ಹಾನಿಕರವಾದ ನಾರಿನ ಧೂಳು ಹೊರಬರುತ್ತದೆ. ಆದುದರಿಂದ ಇಂತಹ ಛಾವಣಿಯ ಮೇಲೆ ನೇರವಾಗಿ ಫಲಕ ಅಳವಡಿಸುವುದು ಸರ್ವಥಾ ಸಲ್ಲದು. ಮೊದಲು ಶೀಟು ಬದಲಿಸಬೇಕು, ಇಲ್ಲವೇ ನೆಲದಿಂದಲೋ ಕಟ್ಟಡದ ಕಂಬಗಳಿಂದಲೋ ಪ್ರತ್ಯೇಕ ಕಬ್ಬಿಣದ ಚೌಕಟ್ಟನ್ನು ಎಬ್ಬಿಸಿ ಶೀಟಿನ ಮೇಲೆ ಯಾವ ಹೊರೆಯೂ ಬೀಳದಂತೆ ನೋಡಿಕೊಳ್ಳಬೇಕು.

ಲೋಹದ ಶೀಟು: ಇಲ್ಲಿ ನಿಯಮ ಸರಳ. ಸ್ಕ್ರೂ ಶೀಟಿನ ಏಣಿನ ಮೇಲಿರಬೇಕು, ನೀರು ಹರಿಯುವ ತಗ್ಗಿನಲ್ಲಿ ಇರಕೂಡದು. ಭಾರ ಹೊರುವ ಸ್ಕ್ರೂಗಳು ಸಾಧ್ಯವಿರುವೆಡೆಯಲ್ಲೆಲ್ಲ ಕೆಳಗಿನ ಪರ್ಲಿನ್ನಿಗೆ ಕಚ್ಚಿಕೊಂಡಿರಬೇಕು. ಶೀಟನ್ನೇ ನೆಚ್ಚುವ ಕಿರು ಹಳಿಗಳನ್ನು ಬಳಸುವುದಾದರೆ ಶೀಟಿನ ದಪ್ಪಕ್ಕೆ ಅದು ಸರಿಹೊಂದುತ್ತದೆಂಬ ಲಿಖಿತ ಲೆಕ್ಕವನ್ನು ಪಡೆಯಬೇಕು. ಹಳಿ ಮತ್ತು ಶೀಟಿನ ನಡುವೆ ಇಪಿಡಿಎಂ ರಬ್ಬರ್ ಪಟ್ಟಿ ಅಥವಾ ಬ್ಯುಟೈಲ್ ಟೇಪು ಇರಲೇಬೇಕು. ಸ್ಕ್ರೂವನ್ನು ಅತಿಯಾಗಿ ಬಿಗಿದರೆ ವಾಷರು ಹಿಸುಕಿ ಹರಿಯುತ್ತದೆ, ಸಡಿಲ ಬಿಟ್ಟರೆ ನೀರು ಒಸರುತ್ತದೆ. ಮಡಿಕೆ ಜೋಡಣೆಯ ಶೀಟುಗಳಿಗಾದರೆ ರಂಧ್ರವನ್ನೇ ಕೊರೆಯದೆ ಕ್ಲಾಂಪಿನಿಂದ ಹಿಡಿಸುವ ವಿಧಾನವಿದೆ. ಹೊಸ ಶೆಡ್ಡು ಕಟ್ಟುವವರು ಇದನ್ನು ಪರಿಶೀಲಿಸುವುದು ಒಳಿತು.

ಸಣ್ಣ ಸಂಗತಿಗಳೂ ದೊಡ್ಡ ಹಾನಿ ಮಾಡುತ್ತವೆ. ರಂಧ್ರ ಕೊರೆದಾಗ ಉದುರಿದ ಕಬ್ಬಿಣದ ಚೂರುಗಳನ್ನು ಅಂದೇ ಗುಡಿಸದಿದ್ದರೆ ಅವು ತುಕ್ಕು ಹಿಡಿದು ಶೀಟಿನ ಬಣ್ಣವನ್ನು ತಿನ್ನುತ್ತವೆ. ಸತು ಮತ್ತು ಅಲ್ಯೂಮಿನಿಯಂ ಲೇಪದ ಶೀಟಿನ ಮೇಲೆ ಬರಿಯ ತಾಮ್ರದ ಅರ್ಥಿಂಗ್ ಪಟ್ಟಿಯನ್ನು ಎಳೆದರೆ, ತಾಮ್ರದಿಂದ ಹರಿದುಬಂದ ಮಳೆನೀರೇ ಆ ಲೇಪವನ್ನು ಕೊರೆಯುತ್ತದೆ. ಸೀಲಂಟು ಕೂಡ ಲೋಹವನ್ನು ಕೊರೆಯದ, ತಟಸ್ಥ ಗುಣದ್ದಾಗಿರಬೇಕು. ಬೆಳಕಿಗಾಗಿ ಹಾಕಿರುವ ಪಾರದರ್ಶಕ ಶೀಟುಗಳ ಮೇಲೆ ಯಾರೂ ಕಾಲಿಡದಂತೆ, ನಿರ್ವಹಣೆಗೆ ಪ್ರತ್ಯೇಕ ನಡೆದಾರಿಯನ್ನು ಆರಂಭದಲ್ಲಿಯೇ ನಿರ್ಮಿಸಬೇಕು.

ಆರ್‌ಸಿಸಿ ತಾರಸಿ: ತಾರಸಿಯನ್ನು ಕೊರೆದು ಬೋಲ್ಟು ನೆಡುವುದು ಕೊನೆಯ ಆಯ್ಕೆಯಾಗಬೇಕು. ಜಲನಿರೋಧಕ ಪದರದ ಮೇಲೆಯೇ ಕಾಂಕ್ರೀಟಿನ ಪೀಠಗಳನ್ನು ನಿರ್ಮಿಸಿ, ಗಾಳಿಯ ಲೆಕ್ಕಕ್ಕೆ ತಕ್ಕ ತೂಕವಿರುವಂತೆ ನೋಡಿಕೊಂಡು, ಅವುಗಳಿಗೆ ಚೌಕಟ್ಟನ್ನು ಬಿಗಿಯುವುದು ಉತ್ತಮ ಕ್ರಮ. ಪೀಠದ ಬುಡದ ಸುತ್ತ ಗಾರೆಯಿಂದ ಓರೆ ಕಟ್ಟಿ ನೀರು ನಿಲ್ಲದಂತೆ ಮಾಡಬೇಕು. ಪೀಠಗಳ ಸಾಲು ಮಳೆನೀರಿನ ಹಾದಿಗೆ ಅಡ್ಡ ಬರಬಾರದು. ಎಷ್ಟೋ ಕಡೆ ಸೋರಿಕೆಗೆ ಕಾರಣ ರಂಧ್ರವಲ್ಲ, ಪೀಠದ ಹಿಂದೆ ಕಸ ಕಟ್ಟಿಕೊಂಡು ನಿಂತ ನೀರು. ಕೆಲಸಕ್ಕೆ ಮುನ್ನ ಒಮ್ಮೆ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ, ತಾರಸಿಯಲ್ಲಿ ಒಂದೆರಡು ಅಂಗುಲ ನೀರನ್ನು 48 ಗಂಟೆ ನಿಲ್ಲಿಸಿ ಪರೀಕ್ಷಿಸಿ, ಎರಡೂ ಬಾರಿ ಕೆಳಭಾಗದ ಛಾಯಾಚಿತ್ರ ತೆಗೆದಿಡಬೇಕು. ಮುಂದೆ ವಿವಾದ ಬಂದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಈ ಮಾತು ಉದ್ಯಮಿಗಳ ಮನೆಗಳಿಗೂ ಅನ್ವಯಿಸುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮನೆಯ 3 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಸ್ಥಾವರಕ್ಕೆ ಗರಿಷ್ಠ ರೂ. 78,000 ಸಹಾಯಧನ ನಿಗದಿಯಾಗಿದೆ. ಕಾರ್ಖಾನೆ ಹಾಗೂ ಅಂಗಡಿಗಳಿಗೆ ಈ ಸಹಾಯಧನವಿಲ್ಲ. ಸಹಾಯಧನ ಸ್ಥಾವರಕ್ಕೇ ಹೊರತು ತಾರಸಿಯ ದುರಸ್ತಿಗಲ್ಲ ಎಂಬುದನ್ನೂ ನೆನಪಿಡಬೇಕು. ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರುಗಳ ಬುಡದಲ್ಲಿ ಈಗಾಗಲೇ ತೇವ ಕಾಣುತ್ತಿರುವ ತಾರಸಿಗೆ ಮೊದಲು ಚಿಕಿತ್ಸೆ, ಅನಂತರ ಫಲಕ.

ಲೆಕ್ಕ ಏನು ಹೇಳುತ್ತದೆ?

ಸರಳ ಲೆಕ್ಕಕ್ಕಾಗಿ 5,000 ಚದರ ಅಡಿ ಛಾವಣಿಯ ಒಂದು ಶೆಡ್ಡನ್ನು ಕಲ್ಪಿಸಿಕೊಳ್ಳಬಹುದು. ಶೀಟು ಹಾಕಿ 15 ವರ್ಷವಾಗಿದೆ. ಅದರ ಮೇಲೆ ಸುಮಾರು 50 ಕಿಲೋವ್ಯಾಟ್ ಸ್ಥಾವರ ಹಿಡಿಸುತ್ತದೆ. ಕಿಲೋವ್ಯಾಟಿಗೆ ರೂ. 50,000 ಎಂದು ಹಿಡಿದರೆ ವೆಚ್ಚ ರೂ. 25 ಲಕ್ಷ. ಬೆಂಗಳೂರಿನ ಬಿಸಿಲಿನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ಟಿನಂತೆ ವರ್ಷಕ್ಕೆ 70,000 ಯೂನಿಟ್ ದೊರೆಯುತ್ತದೆ. ಯೂನಿಟ್ಟಿಗೆ ರೂ. 6 ಉಳಿತಾಯವಾದರೆ ವರ್ಷಕ್ಕೆ ರೂ. 4.2 ಲಕ್ಷ. ಅಂದರೆ ಆರು ವರ್ಷಗಳಲ್ಲಿ ಹಣ ಮರಳುತ್ತದೆ. ಓದುಗರು ತಮ್ಮ ತಮ್ಮ ಬಿಲ್ಲಿನ ದರವನ್ನು ಇಲ್ಲಿ ಹಾಕಿ ನೋಡಿಕೊಳ್ಳಬೇಕು.

ಈಗಲೇ ಶೀಟು ಬದಲಿಸಿದರೆ, ಚದರ ಅಡಿಗೆ ರೂ. 120ರಂತೆ ರೂ. 6 ಲಕ್ಷ ಹೆಚ್ಚುವರಿ ವೆಚ್ಚ. ಹಣ ಮರಳುವ ಅವಧಿ ಸುಮಾರು ಏಳೂವರೆ ವರ್ಷಕ್ಕೆ ಏರುತ್ತದೆ. ಇದನ್ನು ನೋಡಿಯೇ ಅನೇಕರು ಶೀಟಿನ ಕೆಲಸವನ್ನು ಮುಂದೂಡುತ್ತಾರೆ. ಆದರೆ ಐದು ವರ್ಷಗಳ ಅನಂತರ ಶೀಟು ಬದಲಿಸಲೇಬೇಕಾಗಿ ಬಂದಾಗ ಲೆಕ್ಕ ಹೀಗಾಗುತ್ತದೆ: ಶೀಟಿಗೆ ರೂ. 6 ಲಕ್ಷ, ಫಲಕಗಳನ್ನು ಕಳಚಿ ಮತ್ತೆ ಜೋಡಿಸಲು ಸುಮಾರು ರೂ. 3 ಲಕ್ಷ, ಒಂದು ತಿಂಗಳ ಉತ್ಪಾದನಾ ನಷ್ಟ ರೂ. 35,000, ಒಟ್ಟು ರೂ. 9.35 ಲಕ್ಷ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಐದನೇ ವರ್ಷಕ್ಕೆ ಇದು ರೂ. 12.5 ಲಕ್ಷವಾಗುತ್ತದೆ. ಶೇಕಡ 10ರ ಬಡ್ಡಿಯಲ್ಲಿ ಇದರ ಇಂದಿನ ಮೌಲ್ಯ ಸುಮಾರು ರೂ. 7.8 ಲಕ್ಷ. ಇಂದೇ ಮಾಡಿದರೆ ರೂ. 6 ಲಕ್ಷ. ನಡುವಣ ಮಳೆಗಾಲಗಳಲ್ಲಿ ಹಾಳಾಗಬಹುದಾದ ಯಂತ್ರ, ಮಾಲು, ಕಳೆದುಕೊಳ್ಳಬಹುದಾದ ಗ್ರಾಹಕ, ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ಇನ್ನೂ ಹತ್ತು ಹದಿನೈದು ವರ್ಷ ಗಟ್ಟಿಯಾಗಿ ಬಾಳುವ ಶೀಟಾದರೆ ಬದಲಿಸುವ ಅಗತ್ಯವಿಲ್ಲ. ಆ ನಿರ್ಧಾರವನ್ನು ಸರಬರಾಜುದಾರರ ಬದಲು ಸ್ವತಂತ್ರ ಕಟ್ಟಡ ಎಂಜಿನಿಯರರ ವರದಿಯ ಆಧಾರದಲ್ಲಿ ಕೈಗೊಳ್ಳಬೇಕು.

ತೆರಿಗೆಯ ಪಂಚಾಂಗ, ಮಳೆಯ ಪಂಚಾಂಗ

ಛಾವಣಿ ಹಾಳಾಗಲು ತೆರಿಗೆಯ ಆತುರವೂ ಒಂದು ಕಾರಣವೆಂದರೆ ಆಶ್ಚರ್ಯವಾಗಬಹುದು. ಸೌರಸ್ಥಾವರದ ಮೇಲಿನ ಸವಕಳಿ ದರ ಹಿಂದೆ ಶೇಕಡ 80 ಇದ್ದದ್ದು 2017-18ನೇ ಆರ್ಥಿಕ ವರ್ಷದಿಂದ ಶೇಕಡ 40ಕ್ಕೆ ಇಳಿಯಿತು. ಆಸ್ತಿಯನ್ನು ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಆ ವರ್ಷ ಅರ್ಧ ದರ ಮಾತ್ರ. ಹೀಗಾಗಿ ಪೂರ್ಣ ಸವಕಳಿಗಾಗಿ ಸೆಪ್ಟೆಂಬರ್ ಅಂತ್ಯದೊಳಗೆ, ತಪ್ಪಿದರೆ ಅರ್ಧ ಸವಕಳಿಗಾಗಿ ಮಾರ್ಚ್ 31ರೊಳಗೆ ಸ್ಥಾವರ ಚಾಲನೆಗೊಳಿಸುವ ಧಾವಂತ. ಮೊದಲನೆಯದು ಛಾವಣಿಯನ್ನು ಮಳೆಯ ನಡುವೆ ಕೊರೆಯಿಸುತ್ತದೆ. ಎರಡನೆಯದರಲ್ಲಿ ತರಾತುರಿಯ ಕೆಲಸವನ್ನು ಪರೀಕ್ಷಿಸುವ ಮೊದಲೇ ಭರಣಿ ಮಳೆ ಬಂದಿರುತ್ತದೆ.

ಈ ಆತುರದಿಂದ ಉಳಿಯುವುದೆಷ್ಟು? ರೂ. 25 ಲಕ್ಷದ ಮೇಲೆ ಪೂರ್ಣ ಸವಕಳಿ ರೂ. 10 ಲಕ್ಷ, ಅರ್ಧ ಸವಕಳಿ ರೂ. 5 ಲಕ್ಷ. ವ್ಯತ್ಯಾಸದ ಮೇಲೆ ಶೇಕಡ 25ರ ತೆರಿಗೆಯೆಂದರೆ ರೂ. 1.25 ಲಕ್ಷ. ಇದು ಕಳೆದುಹೋಗುವ ಹಣವಲ್ಲ, ಮುಂದಿನ ವರ್ಷಗಳಲ್ಲಿ ಕ್ರಮೇಣ ಮರಳುವ ಹಣ. ವಿಳಂಬದಿಂದಾಗುವ ಬಡ್ಡಿಯ ಹೊರೆ, ಶೇಕಡ 10ರಂತೆ, ಎಲ್ಲ ವರ್ಷಗಳದ್ದೂ ಸೇರಿ ಸುಮಾರು ರೂ. 31,000. ಸ್ಥಾವರ ತಡವಾದ ತಿಂಗಳುಗಳ ವಿದ್ಯುತ್ ಉಳಿತಾಯ, ತಿಂಗಳಿಗೆ ರೂ. 35,000ದಂತೆ, ಕೈತಪ್ಪುವುದೂ ನಿಜ. ಆದರೆ ಮುಂದಾಲೋಚನೆ ಇದ್ದವರಿಗೆ ಈ ನಷ್ಟವೂ ಕಡಿಮೆ. ಮಳೆಗಾಲದಲ್ಲಿಯೇ ಎಂಜಿನಿಯರರ ವರದಿ, ದರಪಟ್ಟಿ, ಬೆಸ್ಕಾಂ ಅರ್ಜಿಗಳನ್ನು ಮುಗಿಸಿಕೊಳ್ಳಬೇಕು. ಮಳೆಯಲ್ಲಿ ಛಾವಣಿ ಎಲ್ಲೆಲ್ಲಿ ಸೋರುತ್ತದೆಂಬುದನ್ನು ಕಣ್ಣಾರೆ ನೋಡಿ ಗುರುತು ಹಾಕಿಕೊಳ್ಳಲೂ ಅದೇ ಸರಿಯಾದ ಕಾಲ. ನವೆಂಬರ್ ಕೊನೆಯಿಂದ ಶೀಟಿನ ಅಥವಾ ತಾರಸಿಯ ದುರಸ್ತಿ, ಜನವರಿಯಲ್ಲಿ ಫಲಕ, ಫೆಬ್ರವರಿಯಲ್ಲಿ ಪರೀಕ್ಷೆ ಎಂಬ ಕ್ರಮ ಛಾವಣಿಗೂ ಹಿತ, ಲೆಕ್ಕಪತ್ರಕ್ಕೂ ಹಿತ.

ಛಾವಣಿಯ ಖರ್ಚನ್ನು ಬರೆದುಕೊಳ್ಳುವ ರೀತಿಯಲ್ಲಿಯೂ ಎಚ್ಚರ ಬೇಕು. ಸ್ಥಾವರ ಮತ್ತು ಅದನ್ನು ಹೊರುವ ಚೌಕಟ್ಟು ಯಂತ್ರೋಪಕರಣದ ವರ್ಗಕ್ಕೆ ಸೇರುತ್ತವೆ. ಹೊಸ ಛಾವಣಿ ಕಟ್ಟಡದ ಭಾಗವಾಗುವುದರಿಂದ ಅದರ ಸವಕಳಿ ದರ ಶೇಕಡ 10. ಕಟ್ಟಡದ ಆಸ್ತಿಯಾಗಿ ಬಂಡವಾಳೀಕರಿಸಿದ ದುರಸ್ತಿಗೆ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಡಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ನಿಜವಾಗಿ ಚಾಲ್ತಿ ದುರಸ್ತಿಯಾಗಿದ್ದು ಆದಾಯ ವೆಚ್ಚಕ್ಕೆ ಹಾಕಿದ್ದರೆ ಈ ನಿರ್ಬಂಧ ಅನ್ವಯಿಸದು. ಆದುದರಿಂದ ಸ್ಥಾವರ, ಹೊಸ ಛಾವಣಿ, ಚಾಲ್ತಿ ದುರಸ್ತಿ ಇವುಗಳಿಗೆ ಪ್ರತ್ಯೇಕ ಬಿಲ್ಲುಗಳನ್ನೇ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಹೀಗೆ ಉಳಿದ ಹಣದ ಒಂದು ಪಾಲನ್ನು ಛಾವಣಿಗೆ ಮೀಸಲಿಡುವುದು ವಿವೇಕ.

ಕರಾರು ಪತ್ರದಲ್ಲಿ ಇರಬೇಕಾದ ಅಂಶಗಳು

ಸೋರಿಕೆಯಾದಾಗ ಫಲಕ ಹಾಕಿದವರು ಹಳೆಯ ಶೀಟನ್ನು ದೂರುತ್ತಾರೆ, ಶೀಟು ಹಾಕಿದವರು ಕೊರೆದ ರಂಧ್ರವನ್ನು ದೂರುತ್ತಾರೆ. ನಡುವೆ ನೆನೆಯುವುದು ಉದ್ಯಮಿಯ ಮಾಲು. ಇದನ್ನು ತಪ್ಪಿಸಲು ಕರಾರಿನಲ್ಲಿ ಈ ಅಂಶಗಳು ಇರಬೇಕು:

1. ಕೆಲಸಕ್ಕೆ ಮುನ್ನ ಛಾವಣಿಯ ಸ್ಥಿತಿಯ ಜಂಟಿ ಪರಿಶೀಲನಾ ವರದಿ, ದಿನಾಂಕವುಳ್ಳ ಛಾಯಾಚಿತ್ರಗಳೊಡನೆ.

2. ಸ್ಥಾವರದ ಗ್ಯಾರಂಟಿಯಲ್ಲದೆ, ಛಾವಣಿ ಸೋರದಿರುವ ಬಗ್ಗೆ ಪ್ರತ್ಯೇಕವಾದ, ವರ್ಷಗಳನ್ನು ನಮೂದಿಸಿದ ಲಿಖಿತ ಗ್ಯಾರಂಟಿ. ಶೀಟು ತಯಾರಕರ ಗ್ಯಾರಂಟಿ ಇನ್ನೂ ಚಾಲ್ತಿಯಲ್ಲಿದ್ದರೆ, ರಂಧ್ರ ಕೊರೆದರೆ ಅದು ರದ್ದಾಗುವುದೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

3. ಒಟ್ಟು ಮೊತ್ತದ ಶೇಕಡ 5ರಿಂದ 10ರಷ್ಟನ್ನು ತಡೆಹಿಡಿದು, ಒಂದು ಪೂರ್ಣ ಮಳೆಗಾಲ ಕಳೆದು ಚಿತ್ತೆ ಮಳೆ ಮುಗಿದ ಮೇಲೆ ಪಾವತಿಸುವ ಷರತ್ತು.

4. ಛಾವಣಿ ದುರಸ್ತಿಗಾಗಿ ಫಲಕಗಳನ್ನು ಕಳಚಿ ಜೋಡಿಸಬೇಕಾದರೆ ತಗಲುವ ದರ, ಮುಂಗಡವಾಗಿ ಒಪ್ಪಿದಂತೆ. ಮೂರನೆಯ ಸಂಸ್ಥೆ ತನ್ನ ಹಣದಲ್ಲಿ ಸ್ಥಾವರ ಹಾಕಿ ವಿದ್ಯುತ್ ಮಾರುವ ದೀರ್ಘಾವಧಿ ಒಪ್ಪಂದಗಳಲ್ಲಿ ಈ ಅಂಶ ಅತ್ಯವಶ್ಯಕ.

5. ಬಾಡಿಗೆ ಶೆಡ್ಡಾದರೆ ಮಾಲೀಕರ ಲಿಖಿತ ಒಪ್ಪಿಗೆ, ಹಾಗೂ ಛಾವಣಿಯ ಹೊಣೆ ಯಾರದು ಎಂಬ ಸ್ಪಷ್ಟ ಉಲ್ಲೇಖ. ಮೂರು ಅಥವಾ ಐದು ವರ್ಷದ ಬಾಡಿಗೆ ಕರಾರಿನ ಮೇಲೆ 25 ವರ್ಷದ ಸ್ಥಾವರ ಹೂಡುವವರು ಇದನ್ನು ಎರಡು ಬಾರಿ ಯೋಚಿಸಬೇಕು.

ವಿಮೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಬಿರುಗಾಳಿ, ಪ್ರವಾಹಗಳಿಂದಾದ ನಷ್ಟವನ್ನು ತುಂಬಿಕೊಡುವ ಪಾಲಿಸಿಗಳು ಸವೆತದಿಂದಲೋ ನಿರ್ವಹಣೆಯ ಕೊರತೆಯಿಂದಲೋ ಆದ ಸೋರಿಕೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. 2021ರ ಏಪ್ರಿಲ್‌ನಿಂದ ಸಣ್ಣ ಉದ್ದಿಮೆಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ ಪಾಲಿಸಿಗಳು ಲಭ್ಯವಾಗಿವೆ. ಸ್ಥಾವರ ಹಾಕಿದ ದಿನವೇ ಅದರ ಮೌಲ್ಯವನ್ನು ವಿಮಾ ಮೊತ್ತಕ್ಕೆ ಸೇರಿಸಿ, ಗ್ರಾಹಕರ ಮಾಲು ತಮ್ಮ ವಶದಲ್ಲಿರುವಾಗ ಅದಕ್ಕೂ ರಕ್ಷಣೆ ಇದೆಯೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ವರ್ಷಕ್ಕೆ ಎರಡು ಬಾರಿ ಮೇಲೆ ನೋಡಿ

ಸ್ಥಾವರ ಹಾಕಿದ ಮೇಲೆ ಮಾರ್ಚ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಬಲ್ಲವರಿಂದ ಛಾವಣಿಯ ತಪಾಸಣೆ ನಡೆಯಬೇಕು. ಸಡಿಲಗೊಂಡ ಬೋಲ್ಟು, ಸೀಳಿದ ವಾಷರು, ತುಕ್ಕಿನ ಗೆರೆ, ಫಲಕದಡಿ ಗೂಡು ಕಟ್ಟಿದ ಪಾರಿವಾಳ, ಕಸ ತುಂಬಿದ ದೋಣಿ ಮತ್ತು ಕೊಳವೆ ಇವುಗಳನ್ನು ಪಟ್ಟಿ ಮಾಡಿ ಸರಿಪಡಿಸಬೇಕು. ಪೀಣ್ಯದಂತಹ ಧೂಳು, ಹೊಗೆಯ ಪ್ರದೇಶದಲ್ಲಿ ಫಲಕಗಳನ್ನು ಆಗಾಗ ತೊಳೆಯಬೇಕಾಗುವುದರಿಂದ, ತೊಳೆದ ನೀರು ಎಲ್ಲಿಗೆ ಹರಿಯುತ್ತದೆಂಬುದನ್ನೂ ನೋಡಬೇಕು. ಬೇಸಿಗೆಯಲ್ಲಿಯೇ ಗೋಡೆಯಲ್ಲಿ ತೇವ ಕಂಡರೆ ಅದು ಮುಂಬರುವ ಮಳೆಯ ಮುನ್ಸೂಚನೆ.

ಆಡಿಟ್ ಸಮಯದಲ್ಲಿ ಯಂತ್ರಗಳ ಪಟ್ಟಿ, ದಾಸ್ತಾನಿನ ಪಟ್ಟಿ ತಯಾರಿಸುವಂತೆ ಛಾವಣಿಗೂ ಒಂದು ಪುಟ ಮೀಸಲಿಡುವುದು ಕಷ್ಟವಲ್ಲ. ಶೀಟು ಹಾಕಿದ ವರ್ಷ, ದುರಸ್ತಿಗಳ ದಿನಾಂಕ, ಗ್ಯಾರಂಟಿಯ ಕೊನೆಯ ದಿನ, ತಡೆಹಿಡಿದ ಮೊತ್ತ ಇಷ್ಟನ್ನು ಆ ಪುಟದಲ್ಲಿ ಬರೆದಿಟ್ಟರೆ ಸಾಕು. ಸೌರಸ್ಥಾವರದ ದರಪಟ್ಟಿಗೆ ಸಹಿ ಹಾಕುವ ಮುನ್ನ ಉದ್ಯಮಿ ಬಾಂಧವರು ಮೊದಲು ಆ ಪುಟವನ್ನು ತೆರೆದು ನೋಡಲಿ.